ಅಂಕ ಒಂದೇ, ಕಾರಣ ಎರಡು

ಬ್ಯಾಂಕಿನ ಪಾಸ್‌ಬುಕ್ಕನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ, ಮಕ್ಕಳೇ? ತಾರೀಖು, ಜಮಾ, ಖರ್ಚು, ಬಾಕಿ ಇವುಗಳ ನಡುವೆ ‘ವಿವರ’ ಎಂಬ ಒಂದು ಕಾಲಂ ಇರುತ್ತದೆ. ಬಂದ ದುಡ್ಡು ಸಂಬಳವೋ, ಬಡ್ಡಿಯೋ, ಊರಿನಿಂದ ಅಣ್ಣ ಕಳಿಸಿದ್ದೋ ಎಂದು ತಿಳಿಯುವುದು ಅದರಿಂದಲೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿ 36 ವರ್ಷ ನಾನು ತುಂಬಿದ ಕಾಲಂ ಅದು. ಶಾಲೆಯ ಅಂಕಪಟ್ಟಿಯಲ್ಲಿ ಅಂಥದ್ದೊಂದು ಕಾಲಂ ಇಲ್ಲ. ವಿಷಯ, ಗರಿಷ್ಠ ಅಂಕ, ಪಡೆದ ಅಂಕ, ಕೆಳಗೆ ಪೋಷಕರ ಸಹಿ, ಅಷ್ಟೆ. ಅಂಕ ಏಕೆ ಬಂತು, ಏಕೆ ಹೋಯಿತು ಎಂಬುದನ್ನು ನಾವು ಬಾಯಲ್ಲೇ ತುಂಬಿಕೊಳ್ಳುತ್ತೇವೆ. ಮಕ್ಕಳು ತುಂಬುತ್ತಾರೆ, ಅಪ್ಪ ಅಮ್ಮ ತುಂಬುತ್ತಾರೆ, ಅಜ್ಜಿ ತಾತಂದಿರಾದ ನಾವಂತೂ ಯಾರೂ ಕೇಳುವ ಮೊದಲೇ ತುಂಬಿಬಿಡುತ್ತೇವೆ.

ಈ ಕಣ್ಣಿಗೆ ಕಾಣದ ಕಾಲಮ್ಮಿನಲ್ಲಿ ಹುಡುಗರಿಗೆ ಒಂದು ಬಗೆಯ ವಿವರ, ಹುಡುಗಿಯರಿಗೆ ಇನ್ನೊಂದು ಬಗೆಯ ವಿವರ ಬೀಳುತ್ತಿದೆ ಎಂಬ ಅನುಮಾನ ನನಗೆ ಬಂದದ್ದು ಈಚೆಗೆ.

ಮೈಸೂರಿನ ನಮ್ಮ ಮನೆಯ ವರಾಂಡಕ್ಕೆ ದಿನಾ ಸಂಜೆ ಬೀದಿಯ 9 ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಫೀಸು ಗೀಸು ಏನಿಲ್ಲ. ನನ್ನ ಮನೆಯಾಕೆಯ ಚಕ್ಕುಲಿ ಡಬ್ಬ ಖಾಲಿಯಾಗುವುದೊಂದೇ ಖರ್ಚು. ದಸರಾ ರಜೆ ಮುಗಿದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದ ವಾರ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಎಷ್ಟು ಬಂತು’ ಎನ್ನುವುದನ್ನು ಬಿಟ್ಟು ‘ಇಷ್ಟು ಏಕೆ ಬಂತು’ ಎಂದು ಕೇಳಿದೆ.

80ಕ್ಕೆ 38 ತೆಗೆದ ಎಂಟನೇ ತರಗತಿ ಹುಡುಗ, “ಪೇಪರ್ ಸಖತ್ ಟಫ್ ಇತ್ತು ತಾತ. ನಾನು ಓದೇ ಇರ್ಲಿಲ್ಲ, ಓದಿದ್ರೆ ಬರ್ತಿತ್ತು” ಎಂದ. ಮುಖದಲ್ಲಿ ಬೇಸರದ ಗೆರೆಯೂ ಇಲ್ಲ. 71 ತೆಗೆದ ಇನ್ನೊಬ್ಬ, “ನಂಗೆ ಲೆಕ್ಕ ಬರುತ್ತೆ, ಅದಕ್ಕೇ” ಎಂದು ಚಕ್ಕುಲಿಗೆ ಕೈ ಹಾಕಿದ. 74 ತೆಗೆದ ಹುಡುಗಿಯನ್ನು ಕೇಳಿದೆ. “ಪೇಪರ್ ಈಸಿ ಇತ್ತು ತಾತ. ನಾನು ಮಾಡ್ಕೊಂಡು ಹೋಗಿದ್ದ ಲೆಕ್ಕಗಳೇ ಬಂದ್ವು. ಲಕ್.” ಗಮನಿಸಿ, 38 ತೆಗೆದವನಿಗೆ ‘ಸಖತ್ ಟಫ್’ ಆಗಿದ್ದ ಪೇಪರೇ ಅದು, ಇಬ್ಬರೂ ಒಂದೇ ತರಗತಿ. ಕೊನೆಗೆ 41 ತೆಗೆದ ಹುಡುಗಿ, ತಲೆ ತಗ್ಗಿಸಿಕೊಂಡು, “ನನ್ ತಲೆಗೆ ಲೆಕ್ಕ ಹತ್ತಲ್ಲ ತಾತ” ಎಂದಳು.

ಹುಡುಗರು ಗೆಲುವನ್ನು ಒಳಗಿಟ್ಟುಕೊಂಡು ಸೋಲನ್ನು ಹೊರಗಿಟ್ಟರು. ಹುಡುಗಿಯರು ಗೆಲುವನ್ನು ಹೊರಗಿಟ್ಟು ಸೋಲನ್ನು ಒಳಗಿಟ್ಟುಕೊಂಡರು. ಹಾಗೆಂದು ಎಲ್ಲರೂ ಹೀಗೇ ಎನ್ನಲಾರೆ. ತನ್ನ ತಲೆಯನ್ನೇ ಬೈದುಕೊಂಡು ಕಣ್ಣೀರು ಹಾಕಿದ ಹುಡುಗನೂ ಒಬ್ಬನಿದ್ದ. 9 ಮಕ್ಕಳ ಮಾತಿನಿಂದ ಲೋಕದ ಲೆಕ್ಕ ಹಾಕಬಾರದು ಎಂಬಷ್ಟು ಬುದ್ಧಿ ಬಿ.ಕಾಂ. ಓದಿದವನಿಗೂ ಇರುತ್ತದೆ. ಆದರೆ ಕುತೂಹಲ ಬಿಡಲಿಲ್ಲ. ನಮ್ಮ ನೆಂಟರ ಪೈಕಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುವ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳನ್ನು ಕೇಳಿದ್ದೇ ತಡ, ಒಂದು ಚೀಲದ ತುಂಬ ಪುಸ್ತಕ, ಝೆರಾಕ್ಸ್ ತಂದು ಸುರಿದಳು.

ತಿಳಿದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಜನ ತಮ್ಮ ಸೋಲು ಗೆಲುವುಗಳಿಗೆ ಎಂಥ ಕಾರಣ ಕೊಡುತ್ತಾರೆ ಎಂಬ ಪ್ರಶ್ನೆಗೆ 1958ರಲ್ಲಿ ಫ್ರಿಟ್ಜ್ ಹೈಡರ್ ಎಂಬುವರು ಒಂದು ಪುಸ್ತಕದಲ್ಲಿ ಬುನಾದಿ ಹಾಕಿದರು. 1970ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ವೈನರ್ ಅದನ್ನು ಶಾಲೆಯ ಪರೀಕ್ಷೆಗೆ ಹೊಂದಿಸಿ ನೋಡಿದರು. ಸಾಮಾನ್ಯವಾಗಿ ಕೇಳಿಬರುವ ಕಾರಣಗಳು ನಾಲ್ಕು: ತಲೆ, ಶ್ರಮ, ಪ್ರಶ್ನೆಪತ್ರಿಕೆಯ ಕಷ್ಟ ಸುಲಭ, ಅದೃಷ್ಟ. ಮೊದಲ ಎರಡು ನಮ್ಮೊಳಗಿನವು, ಉಳಿದ ಎರಡು ಹೊರಗಿನವು. ಅಷ್ಟೇ ಅಲ್ಲ, ಶ್ರಮ ಇವತ್ತು ಕಡಿಮೆಯಾದರೆ ನಾಳೆ ಹೆಚ್ಚಿಸಬಹುದು. ತಲೆ ಮಾತ್ರ ಹುಟ್ಟಿನಿಂದ ಬಂದದ್ದು, ಇದ್ದಷ್ಟೇ ಎಂದು ಜನ ನಂಬುತ್ತಾರೆ. ಸೋತಾಗ ‘ತಲೆಯಿಲ್ಲ’ ಎಂದು ಬರೆದುಕೊಂಡವರು ನಾಳೆ ಪುಸ್ತಕ ತೆರೆಯುವುದಾದರೂ ಏತಕ್ಕೆ? ಗೆದ್ದಾಗ ‘ಲಕ್’ ಎಂದು ಬರೆದುಕೊಂಡವರು ತಮ್ಮ ದುಡ್ಡನ್ನು ತಾವೇ ಪರರ ಖಾತೆಗೆ ಜಮಾ ಮಾಡಿದಂತೆ. ಸಂಪಾದನೆ ಎಷ್ಟಾದರೂ ತಮ್ಮ ಖಾತೆಯಲ್ಲಿ ಬಾಕಿ ಸೊನ್ನೆ.

ಹಾಗಾದರೆ ಹುಡುಗ ಹುಡುಗಿಯರಲ್ಲಿ ಈ ಭೇದ ಎಲ್ಲಿಂದ ಬಂತು? 1974ರಲ್ಲಿ ಕೇ ಡೋ ಮತ್ತು ಟಿಮ್ ಎಮ್ಸ್‌ವಿಲರ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಗೋಜಲು ಚಿತ್ರಗಳ ನಡುವೆ ಅಡಗಿದ ವಸ್ತುಗಳನ್ನು ಗುರುತಿಸುವ ಕೆಲಸ. ಕೆಲವು ವಸ್ತು ‘ಗಂಡಸರವು’ ಎನ್ನುವಂಥವು, ಕೆಲವು ಮನೆವಾರ್ತೆಯವು. ಒಬ್ಬ ಗಂಡಸೋ ಹೆಂಗಸೋ ಇದನ್ನು ಚೆನ್ನಾಗಿ ಮಾಡಿದ್ದನ್ನು ಕೇಳಿಸಿ, ಇದು ಜಾಣತನವೋ ಅದೃಷ್ಟವೋ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಗಂಡಸರದೆನ್ನುವ ಕೆಲಸದಲ್ಲಿ ಗಂಡಸು ಗೆದ್ದರೆ ಜಾಣತನದ ಪಾಲು ಹೆಚ್ಚಾಯಿತು, ಅದೇ ಅಂಕದ ಹೆಂಗಸಿಗೆ ಅದೃಷ್ಟದ ಪಾಲು ಹೆಚ್ಚಾಯಿತು. ಮನೆವಾರ್ತೆಯ ವಸ್ತುಗಳಲ್ಲಿ ಹೆಂಗಸು ಗೆದ್ದಾಗ ಅವಳಿಗೆ ಇಂಥ ರಿಯಾಯಿತಿಯೇನೂ ಸಿಗಲಿಲ್ಲ! ಹೀಗೆ ತೀರ್ಪು ಕೊಟ್ಟವರಲ್ಲಿ ಹೆಂಗಸರೂ ಇದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಕ್ಯಾರಲ್ ಡ್ವೆಕ್ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಅಧ್ಯಯನ. ಇವರು ನಾಲ್ಕನೇ, ಐದನೇ ತರಗತಿಗಳಲ್ಲಿ ಹಿಂದೆ ಕೂತು ಮೇಷ್ಟ್ರು, ಟೀಚರ್‌ಗಳು ಬೈಯುವುದನ್ನು ಬರೆದುಕೊಂಡರು. ಹುಡುಗರ ಕೆಲಸದ ಬಗ್ಗೆ ಬಿದ್ದ ಬೈಗುಳದಲ್ಲಿ ಸುಮಾರು ಅರ್ಧ ಮಾತ್ರ ಉತ್ತರ ತಪ್ಪೆಂಬುದರ ಬಗ್ಗೆ. ಉಳಿದರ್ಧ ಅಕ್ಷರ ಕಾಗೆಕಾಲು, ಪುಟ ಗಲೀಜು ಎಂಬಂಥವು. ಹುಡುಗಿಯರ ಅಕ್ಷರ ದುಂಡಗೆ, ಪುಟ ಚೊಕ್ಕಟ, ಗಲಾಟೆಯೂ ಇಲ್ಲ. ಆದ್ದರಿಂದ ಅವರಿಗೆ ಬಿದ್ದ ಬೈಗುಳದಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಪಾಲು ಉತ್ತರದ ಬಗ್ಗೆಯೇ. ಹುಡುಗನಿಗೆ ಬೈಗುಳ ದಿನನಿತ್ಯದ ಮಳೆ, ‘ಮೇಷ್ಟ್ರಿಗೆ ನನ್ ಕಂಡ್ರೆ ಆಗಲ್ಲ’ ಎಂದು ಮೈ ಕೊಡವಿಕೊಂಡು ಹೋಗುತ್ತಾನೆ. ಹುಡುಗಿಗೆ ಅದು ನೇರ ತಲೆಯ ಮೇಲಿನ ತೀರ್ಪು. ಆಮೇಲೆ ಸಂಶೋಧಕರು ಹುಡುಗ ಹುಡುಗಿಯರಿಬ್ಬರಿಗೂ, ಹುಡುಗರಿಗೆ ಬೈಯುವ ಧಾಟಿಯಲ್ಲೇ ತಪ್ಪು ಹೇಳಿ ನೋಡಿದರು. ಆಗ ಹುಡುಗಿಯರೂ ಸೋಲಿಗೆ ತಮ್ಮ ತಲೆಯನ್ನು ದೂರುವುದು ಕಡಿಮೆಯಾಯಿತು. ಅಂದರೆ ಹುಟ್ಟುಗುಣವಲ್ಲ, ಕಿವಿಗೆ ಬಿದ್ದ ಮಾತಿನ ಗುಣ.

ಎಲ್ಲ ಊರಿನಲ್ಲೂ, ಎಲ್ಲ ವಿಷಯದಲ್ಲೂ ಹೀಗೇ ಕಂಡಿದೆಯೆಂದಲ್ಲ. ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಈ ವ್ಯತ್ಯಾಸ ಸಣ್ಣದೇ ಎಂದೂ ಹೇಳಿದ್ದಾರೆ. ಸಣ್ಣದಿರಬಹುದು. ಆದರೆ ಬಡ್ಡಿಯ ದರದಲ್ಲಿ ಅರ್ಧ ಪರ್ಸೆಂಟೂ ಸಣ್ಣದೇ. ಇಪ್ಪತ್ತು ವರ್ಷದ ಮನೆಸಾಲ ತೀರಿಸಿದವರನ್ನು ಕೇಳಿ ನೋಡಿ.

2017ರ ಇನ್ನೊಂದು ಅಧ್ಯಯನವನ್ನು ಓದಿ ನನ್ನಾಕೆಗೂ ಓದಿ ಹೇಳಿದೆ. ಲಿನ್ ಬಿಯಾನ್ ಎಂಬಾಕೆ ಮತ್ತು ಸಂಗಡಿಗರು ಅಮೆರಿಕದ ಪುಟ್ಟ ಮಕ್ಕಳಿಗೆ ‘ತುಂಬಾ ತುಂಬಾ ಬುದ್ಧಿವಂತರಾದ’ ಒಬ್ಬರ ಕತೆ ಹೇಳಿ, ಗಂಡಸರ, ಹೆಂಗಸರ ಚಿತ್ರಗಳನ್ನು ತೋರಿಸಿ, ಕತೆಯಲ್ಲಿದ್ದವರು ಯಾರಿರಬಹುದು ಎಂದು ಕೇಳಿದರು. ಐದು ವರ್ಷದ ಹುಡುಗರು ಗಂಡಸನ್ನು, ಹುಡುಗಿಯರು ಹೆಂಗಸನ್ನು ಸಮಸಮವಾಗಿ ತೋರಿಸಿದರು. ಆರು, ಏಳು ವರ್ಷಕ್ಕೆ ಹುಡುಗಿಯರ ಬೆರಳು ಹೆಂಗಸರ ಚಿತ್ರದತ್ತ ಹೋಗುವುದು ಕಡಿಮೆಯಾಯಿತು. ಸೋಜಿಗವೆಂದರೆ, ಶಾಲೆಯಲ್ಲಿ ಒಳ್ಳೆಯ ಅಂಕ ಯಾರಿಗೆ ಎಂದು ಕೇಳಿದಾಗ ಅದೇ ಹುಡುಗಿಯರು ಹುಡುಗಿಯರನ್ನೇ ತೋರಿಸುತ್ತಿದ್ದರು. ಅಂಕ ನಮ್ಮದು, ಬುದ್ಧಿ ಅವರದು! ನನ್ನಾಕೆ ಕೇಳಿ ನಕ್ಕು, “ಇದಕ್ಕೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು? ನಮ್ಮ ಮನೇಲೇ ಆಗಿದ್ಯಲ್ಲ” ಎಂದಳು.

ಆದದ್ದು ದೀಪಾವಳಿಯಲ್ಲಿ. ನಮ್ಮ ಜೊತೆಯಲ್ಲಿರುವ ಮಗನ ಮಗಳು, ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಮಗಳ ಮಗ, ಇಬ್ಬರೂ ಹತ್ತನೇ ತರಗತಿ. ಇಬ್ಬರಿಗೂ ಲೆಕ್ಕದಲ್ಲಿ 80ಕ್ಕೆ 72. ಬೇಕೆಂದೇ ಹೇಳಿ ಮಾಡಿಸಿದ ಹಾಗೆ ಒಂದೇ ಅಂಕ. ಹೋಳಿಗೆ ಬಡಿಸುತ್ತಿದ್ದ ನನ್ನ ತಂಗಿ ಪ್ರೀತಿಯಿಂದಲೇ ಹೇಳಿದಳು: “ಇವನಿಗೆ ಬಿಡು, ಅವರಪ್ಪನ ತಲೆ. ಪುಸ್ತಕ ಮುಟ್ಟದೆ 72! ಇವಳು ಪಾಪ, ರಾತ್ರಿ ಹನ್ನೊಂದರವರೆಗೂ ಕೂತು ಉರು ಹೊಡೀತಾಳೆ.” ಆ ‘ಪಾಪ’ ಎಂಬ ಎರಡಕ್ಷರ ಎಷ್ಟು ಕೆಲಸ ಮಾಡುತ್ತದೆ ನೋಡಿ. ಡೋರಿಸ್ ಯೀ ಮತ್ತು ಜ್ಯಾಕ್ವೆಲಿನ್ ಎಕಲ್ಸ್ ಎಂಬುವರು 1988ರಲ್ಲಿ ಬರೆದದ್ದೂ ಇದನ್ನೇ: ಮಗ ಲೆಕ್ಕದಲ್ಲಿ ಗೆದ್ದರೆ ಹೆತ್ತವರು ಪ್ರತಿಭೆಯ ಲೆಕ್ಕಕ್ಕೆ ಹೆಚ್ಚು ಬರೆಯುತ್ತಾರೆ, ಮಗಳು ಗೆದ್ದರೆ ಶ್ರಮದ ಲೆಕ್ಕಕ್ಕೆ.

ಶ್ರಮ ಎಂದರೆ ಹೊಗಳಿಕೆಯೇ ಅಲ್ಲವೇ ಎನ್ನುವಿರಿ. ಹೌದು, ಆದರೆ ಶ್ರಮದ ಜೊತೆಗೆ ತಲೆಯೂ ಇದೆ ಎಂದರೆ. ತಲೆಯ ಬದಲಿಗೆ ಶ್ರಮ ಎಂದರೆ ಅದು ಸಮಾಧಾನದ ಬಹುಮಾನ. ಅಂದು ರಾತ್ರಿ ಮೊಮ್ಮಗಳು ನನ್ನ ಹತ್ತಿರ ಬಂದು, “ತಾತ, ನಾನು ಪಿಯುಸಿಗೆ ಮ್ಯಾಥ್ಸ್ ತೊಗೊಳ್ಳಲ್ಲ” ಎಂದಳು. ಏಕಮ್ಮ ಎಂದೆ. “ಅದಕ್ಕೆ ತಲೆ ಬೇಕು. ಹತ್ತನೇ ಕ್ಲಾಸ್‌ವರೆಗೂ ಉರು ಹೊಡೆದ್ರೆ ಆಗುತ್ತೆ, ಆಮೇಲೆ ಆಗಲ್ಲ.” ಲೆಕ್ಕ ಇಷ್ಟವಿಲ್ಲ ಎಂದಿದ್ದರೆ, ಚಿತ್ರ ಬರೆಯುತ್ತೇನೆ, ವಕೀಲಳಾಗುತ್ತೇನೆ ಎಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಕಾಮರ್ಸು ಸೇರುತ್ತೇನೆ ಎಂದಿದ್ದರೂ ಸರಿಯೇ, ನಾನು ಉಂಡದ್ದೇ ಆ ಅನ್ನ. ಆದರೆ ತನ್ನ ಅಂಕವೇ ಸುಳ್ಳು ಎಂದುಕೊಂಡು ಒಂದು ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತಿದ್ದಾಳಲ್ಲ ಎಂದು ನನಗೆ ನಿದ್ದೆ ಬರಲಿಲ್ಲ.

ರಾಜ್ಯದ ಅಂಕಿ ನೋಡಿ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹುಡುಗಿಯರು ಶೇಕಡ 81.11, ಹುಡುಗರು ಶೇಕಡ 65.90 ಪಾಸಾದರು. ‘ಹುಡುಗಿಯರೇ ಮೇಲುಗೈ’ ಎಂಬ ತಲೆಬರಹ ವರ್ಷ ವರ್ಷವೂ ಬರುತ್ತದೆ. ಬಂದ ದಿನವೇ ಕಟ್ಟೆಯ ಮೇಲೆ ಕೂತ ನನ್ನ ವಯಸ್ಸಿನವರ ವಿವರಣೆಯೂ ಸಿದ್ಧ: “ಹೆಣ್ಣುಮಕ್ಕಳು ಮನೇಲಿರ್ತಾರೆ, ಬಾಯಿಪಾಠ ಮಾಡ್ತಾರೆ.” ಮನೆಯಲ್ಲಿರುವ ಹೆಣ್ಣುಮಗುವಿಗೆ ಪಾತ್ರೆ, ಕಸ, ತಮ್ಮನ ಊಟ ಎಲ್ಲ ಇರುತ್ತದೆ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಹುಡುಗರ ಕಡೆಯೂ ನನಗೆ ಅಷ್ಟೇ ಚಿಂತೆ. ‘ತಲೆ ಇದೆ, ಓದಲ್ಲ’ ಎಂಬ ಮಾತು ಕೇಳಲು ಹೊಗಳಿಕೆ, ಒಳಗೆ ಮುಳ್ಳು. ಶ್ರಮ ಎಂಬುದು ಎರಡಲಗಿನ ಕತ್ತಿ ಎಂದು ಮಾರ್ಟಿನ್ ಕವಿಂಗ್ಟನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಹೇಳಿದ್ದಾರೆ. ಓದದೆ ಸೋತರೆ ತಲೆಯ ಮರ್ಯಾದೆ ಉಳಿಯುತ್ತದೆ. ಓದಿ ಸೋತರೆ ಹೋಗುವುದು ತಲೆಯೇ. ಆದ್ದರಿಂದ ಬುದ್ಧಿವಂತ ಎನಿಸಿಕೊಂಡ ಹುಡುಗನಿಗೆ ಓದುವುದೇ ಅಪಾಯದ ಕೆಲಸವಾಗಿಬಿಡುತ್ತದೆ. ಕ್ಲಾಡಿಯಾ ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಐದನೇ ತರಗತಿ ಮಕ್ಕಳಿಗೆ ಸುಲಭ ಒಗಟು ಕೊಟ್ಟು, ಕೆಲವರನ್ನು ‘ಎಷ್ಟು ಬುದ್ಧಿವಂತ’ ಎಂದೂ ಕೆಲವರನ್ನು ‘ಎಷ್ಟು ಶ್ರಮಪಟ್ಟೆ’ ಎಂದೂ ಹೊಗಳಿ, ಆಮೇಲೆ ಕಷ್ಟದ ಒಗಟು ಕೊಟ್ಟರು. ಬುದ್ಧಿವಂತರೆನಿಸಿಕೊಂಡವರು ಬೇಗ ಬೇಸತ್ತರು. ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಎಂದಾಗ ಅವರಲ್ಲಿ ಹತ್ತಕ್ಕೆ ನಾಲ್ಕು ಮಕ್ಕಳು ಇದ್ದದ್ದಕ್ಕಿಂತ ಹೆಚ್ಚು ಬರೆದರು. ಹೆಸರು ಹಾಕಬೇಕಿರಲಿಲ್ಲ, ಆದರೂ ಬರೆದರು.

ಈಗ ನಾನು ವರಾಂಡದಲ್ಲಿ ಮಾಡುತ್ತಿರುವುದನ್ನು ಹೇಳುತ್ತೇನೆ. ಇದಕ್ಕೆ ಮನಶ್ಶಾಸ್ತ್ರ ಬೇಡ, ಹಳೆಯ ಬ್ಯಾಂಕು ಸಾಕು. ಕಂಪ್ಯೂಟರ್ ಬರುವ ಮುಂಚೆ ದಿನದ ಲೆಕ್ಕ ಟ್ಯಾಲಿ ಆಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆಗ ನಾವು ‘ಗ್ರಹಚಾರ’ ಎಂದು ಹಣೆ ಚಚ್ಚಿಕೊಳ್ಳುತ್ತಿರಲಿಲ್ಲ. ಎಷ್ಟು ವ್ಯತ್ಯಾಸ ಬಂದಿದೆಯೋ ಅದನ್ನು ಮೊದಲು 2ರಿಂದ ಭಾಗಿಸುತ್ತಿದ್ದೆವು. ಆ ಅರ್ಧದ ಮೊತ್ತ ಎಲ್ಲಾದರೂ ಇದೆಯೇ? ಇದ್ದರೆ ಜಮಾ ಆಗಬೇಕಾದದ್ದು ಖರ್ಚಿನ ಕಡೆ ಬಿದ್ದಿರಬಹುದು. ಆಮೇಲೆ 9ರಿಂದ. ನಿಶ್ಶೇಷವಾಗಿ ಭಾಗವಾದರೆ ಯಾವುದೋ ಅಂಕಿ ಹಿಂದುಮುಂದಾಗಿದೆ ಎಂಬ ಅನುಮಾನ. 530 ಬರೆಯುವ ಕಡೆ 350 ಬಿದ್ದರೆ ವ್ಯತ್ಯಾಸ 180, ಅಂದರೆ 9ರ ಇಪ್ಪತ್ತರಷ್ಟು. ಏನು ಮಾಡಿದರೂ ಸಿಗದಿದ್ದರೆ ಆ ಮೊತ್ತವನ್ನು ಸಸ್ಪೆನ್ಸ್ ಅಕೌಂಟು ಎಂಬ ತಾತ್ಕಾಲಿಕ ಖಾತೆಗೆ ಹಾಕುತ್ತಿದ್ದೆವು. ಅದು ಅಲ್ಲೇ ಕೊಳೆಯುತ್ತ ಕೂತರೆ ಇನ್‌ಸ್ಪೆಕ್ಷನ್ನಿಗೆ ಬಂದವರು ಬಿಡುತ್ತಿರಲಿಲ್ಲ. ಲಕ್, ದೃಷ್ಟಿ, ಹಣೆಬರಹ ಇವೆಲ್ಲ ನನ್ನ ಪ್ರಕಾರ ಸಸ್ಪೆನ್ಸ್ ಅಕೌಂಟಿಗೆ ಹಾಕಿದ ಮೊತ್ತಗಳು. ‘ನನಗೆ ತಲೆಯಿಲ್ಲ’ ಎಂಬುದೂ ಅಷ್ಟೆ.

ಪ್ರತಿ ಮಗುವಿಗೂ 40 ಪುಟದ ಒಂದು ನೋಟ್‌ಬುಕ್. ಉತ್ತರಪತ್ರಿಕೆಯನ್ನು ಬಿಡಿಸಿಟ್ಟುಕೊಂಡು, ಹೋದ ಒಂದೊಂದು ಅಂಕಕ್ಕೂ ವಿವರ ಬರೆಯಬೇಕು. ಬಂದ ಅಂಕಗಳಿಗೂ ಬರೆಯಬೇಕು, ಮಕ್ಕಳು ಮರೆಯುವುದು ಇದನ್ನೇ. ‘ತಲೆಗೆ ಹತ್ತಲ್ಲ’ ಎಂದಿದ್ದ ಹುಡುಗಿಯ ಹೋದ 39 ಅಂಕಗಳನ್ನು ಹುಡುಕಿದಾಗ 17 ಅಂಕ ಒಂದೇ ಕಡೆ ಸಿಕ್ಕವು: ಆವರಣದ ಹಿಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆ ಬದಲಾಯಿಸುವುದು ಅವಳಿಗೆ ತಿಳಿದಿರಲಿಲ್ಲ. ಆ ಪಾಠದ ವಾರ ಅವಳಿಗೆ ಜ್ವರ. ‘ಪೇಪರ್ ಟಫ್’ ಎಂದಿದ್ದ ಹುಡುಗ ಕೊನೆಯ ಎರಡು ಪುಟವನ್ನು ಮುಟ್ಟಿಯೇ ಇರಲಿಲ್ಲ. ಮೊದಲ ಪುಟದ ಒಂದೇ ಲೆಕ್ಕದಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿದ್ದ.

ಹೊರಗಿನ ಕಾರಣ ಎಂದಾಕ್ಷಣ ಅದು ನೆಪ ಎನ್ನಬೇಡಿ. ಗಾರ್ಮೆಂಟ್ಸಿಗೆ ಹೋಗುವ ಒಬ್ಬ ತಾಯಿಯ ಮಗಳಿದ್ದಾಳೆ, ಏಳನೇ ತರಗತಿ. ತನ್ನ ನೋಟ್‌ಬುಕ್ಕಿನಲ್ಲಿ ‘ನಾನು ಸರಿಯಾಗಿ ಓದಲಿಲ್ಲ, ಸೋಮಾರಿ’ ಎಂದು ಬರೆದಿದ್ದಳು. ವಿಚಾರಿಸಿದರೆ, ಸಂಜೆ ತಮ್ಮನನ್ನು ಅಂಗನವಾಡಿಯಿಂದ ಕರೆತಂದು, ಉಣ್ಣಿಸಿ, ಅಮ್ಮ ಬರುವ ಎಂಟು ಗಂಟೆಯವರೆಗೂ ನೋಡಿಕೊಳ್ಳುವವಳು ಅವಳೇ. ಸೋಮಾರಿ ಎಂಬ ಪದವನ್ನು ಹೊಡೆದು ಹಾಕಿಸಿ, ‘ಸಮಯ ಸಿಗಲಿಲ್ಲ’ ಎಂದು ಬರೆಸಿದೆ. ಈಗ ಆ ತಮ್ಮನೂ ವರಾಂಡಕ್ಕೇ ಬರುತ್ತಾನೆ. ನನ್ನಾಕೆಯ ಹತ್ತಿರ ಅವನಿಗೆ ಅನ್ನ ಸಾರು, ಇವಳಿಗೆ ಒಂದು ಗಂಟೆ ಬಿಡುವು.

ಮೊಮ್ಮಗಳಿಗೆ ಮಾತಿನಲ್ಲಿ ಸಮಾಧಾನ ಹೇಳಿ ಪ್ರಯೋಜನವಿಲ್ಲವೆಂದು ತಿಳಿದಿತ್ತು. ಅದಕ್ಕೆ ಆ 9ರ ಉಪಾಯವನ್ನೇ ಅವಳ ಮುಂದಿಟ್ಟೆ. “ಅಂಕಿ ಹಿಂದುಮುಂದಾದರೆ ವ್ಯತ್ಯಾಸ 9ರಿಂದಲೇ ಏಕೆ ಭಾಗವಾಗಬೇಕು? 36 ವರ್ಷ ನಾವು ಕಣ್ಣುಮುಚ್ಚಿ ಮಾಡಿದ್ದು. ನಿನ್ನ ಪುಸ್ತಕದಲ್ಲಿದೆಯಾ?” ಇಲ್ಲವೆಂದಳು. ಹಾಳೆ ತೊಗೊಂಡು ಮೂಲೆಗೆ ಹೋದಳು. ಇಪ್ಪತ್ತು ನಿಮಿಷ ಕಳೆದು ಬಂದು ತೋರಿಸಿದಳು. ಹತ್ತರ ಸ್ಥಾನದಲ್ಲಿ ಎ, ಬಿಡಿ ಸ್ಥಾನದಲ್ಲಿ ಬಿ ಎಂದಿಟ್ಟುಕೊಂಡರೆ ಸಂಖ್ಯೆ 10ಎ + ಬಿ. ತಿರುಗಿಸಿದರೆ 10ಬಿ + ಎ. ಕಳೆದರೆ 9ಎ − 9ಬಿ, ಅಂದರೆ 9ರಷ್ಟು ಎ − ಬಿ. ಯಾವ ಅಂಕಿಯಾದರೂ 9 ಬಿಟ್ಟು ಹೋಗುವಂತಿಲ್ಲ. ಇಷ್ಟು ವರ್ಷ ನನ್ನ ಜೊತೆ ಲೆಡ್ಜರ್ ಬರೆದವರಲ್ಲಿ ಒಬ್ಬರೂ ಇದನ್ನು ಹೀಗೆ ಬಿಡಿಸಿ ತೋರಿಸಿದ್ದು ನಾನು ಕಾಣೆ. “ಇದನ್ನ ಯಾವಾಗಮ್ಮ ಉರು ಹೊಡೆದಿದ್ದೆ?” ಎಂದು ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದು, “ಇದು ಈಸಿ ಇತ್ತು ತಾತ” ಎಂದಳು!

ಪಿಯುಸಿ ಅರ್ಜಿಗೆ ಇನ್ನೂ ಸಮಯವಿದೆ. ಮ್ಯಾಥ್ಸ್ ತೆಗೆದುಕೊಳ್ಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಹಾಳೆಯನ್ನು ಮಾತ್ರ ಎಸೆದಿಲ್ಲ, ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ. ನನ್ನ ತಂಗಿ ಮೊನ್ನೆ ಬಂದಾಗ ಅದನ್ನು ಕಂಡು ಏನಿದು ಎಂದು ಕೇಳಿದಳು. ಹುಡುಗಿ ಐದು ನಿಮಿಷ ಕೂತು ವಿವರಿಸಿದಳು. ತಂಗಿಗೆ ಅರ್ಥವಾಯಿತೋ ಇಲ್ಲವೋ, ‘ಪಾಪ’ ಎನ್ನಲಿಲ್ಲ.

ಇನ್ನು ಆ 38ರ ಹುಡುಗ. ಅವನ ಅಪ್ಪ ಬೀದಿಯಲ್ಲಿ ಸಿಕ್ಕಾಗಲೆಲ್ಲ, “ನಮ್ಮವನಿಗೆ ತಲೆ ಇದೆ ಸಾರ್, ಪುಸ್ತಕ ಮುಟ್ಟಲ್ಲ ಅಷ್ಟೆ” ಎಂದು ಹೆಮ್ಮೆಯೋ ಬೇಸರವೋ ತಿಳಿಯದಂತೆ ಹೇಳುತ್ತಾರೆ. ಕಳೆದ ಒಂದು ತಿಂಗಳಿಂದ ಈ ಹುಡುಗ ಎಲ್ಲರಿಗಿಂತ ಮೊದಲು ಬರುತ್ತಾನೆ, ಎಲ್ಲರಿಗಿಂತ ಕೊನೆಗೆ ಹೋಗುತ್ತಾನೆ. ಗಡಿಯಾರವಿಟ್ಟುಕೊಂಡು ಲೆಕ್ಕ ಮಾಡುತ್ತಾನೆ. ಮೊನ್ನೆ ಹೋಗುವಾಗ ಚಪ್ಪಲಿ ಮೆಟ್ಟಿಕೊಂಡವನು ತಿರುಗಿ ಬಂದು, ತನ್ನ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, “ಇದು ಇಲ್ಲೇ ಇರ್ಲಿ ತಾತ. ನಾನು ಇಷ್ಟೊಂದು ಓದ್ತಿದೀನಿ ಅಂತ ನಮ್ಮಪ್ಪಂಗೆ ಹೇಳ್ಬೇಡಿ” ಎಂದ. ನೋಟ್‌ಬುಕ್ಕು ನಮ್ಮ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ, ನನ್ನ ಹಳೆಯ ಪಾಸ್‌ಬುಕ್ಕುಗಳ ಜೊತೆ ಇದೆ. ಹೇಳಿಲ್ಲ.